ಶಾಲೆಯೆದುರಿನ ಮನೆ

ಮೆಂಫಿಸ್
೧೮ ಅಕ್ಟೋಬರ್ ೨೦೧೬

ಅಮ್ಮಾ,

ರಾತ್ರಿ ಎರಡೂವರೆ. ಎದುರಿನ ಶಾಲೆಯ ಧ್ವಜಕಂಬಕ್ಕೆ ಹಗ್ಗದ ಕೊಂಡಿ ಟಣ್ ಟಣ್ ಬಡಿದು ಎಚ್ಚರವಾಯಿತು. ಶಾಲೆ ಅಷ್ಟು ಹತ್ತಿರ. ನಾನು ಬಸುರಿಯಾಗಿದ್ದಾಗ ನೀನೇ ಅಲ್ಲವೇ ಹೇಳಿದ್ದು, "ಈ ಮನೆ ಬಿಡಬೇಡ ಕಣೇ, ಮಗು ರಸ್ತೆ ದಾಟಿದ್ರೆ ಶಾಲೆ" ಎಂದು?

ನನ್ನ ಕರೆ ನೀನು ತೆಗೆಯುತ್ತಿಲ್ಲ, ಅದಕ್ಕೇ ಈ ಕಾಗದ. ಪಕ್ಕದ ಮನೆಯ ಒಡೆಲ್ ಅಣ್ಣ ನಾಲ್ಕಕ್ಕೆ ಬಸ್ಸು ಓಡಿಸಲು ಹೋಗುವಾಗ ನಿನ್ನ ಬಾಗಿಲಡಿ ತಳ್ಳುತ್ತಾನೆ.

ಬೆಳಿಗ್ಗೆ ಒಂಬತ್ತಕ್ಕೆ ಕೋರ್ಟು. ಬೆನ್ನಿನ ಆಪರೇಷನ್ ಆದಾಗ ಕೊಟ್ಟು ಉಳಿದಿದ್ದ, ಅಮಲೇರಿಸುವ ನೋವಿನ ಮಾತ್ರೆ ಈ ಮನೆಯಲ್ಲೇ ಮಾರಿದೆ, ತಪ್ಪೇ. ನನ್ನ ಜೊತೆ ಕೆಲಸ ಮಾಡುವ ಬಿಳಿ ಹುಡುಗಿ ಹೀದರ್ ಕೂಡ ತನ್ನ ಮನೆಯಲ್ಲಿ ಅಂಥವನ್ನೇ ಮಾರಿದ್ದಳು. ಅವಳ ಮನೆ ಊರಾಚೆ. ಸುತ್ತ ಹುಲ್ಲು, ಬೇಲಿ, ಎರಡು ಕುದುರೆ. ಅವಳನ್ನು ಗದರಿಸಿ ಮನೆಗೆ ಕಳಿಸಿದರು. ನನಗೆ ಎಂಟು ವರ್ಷ ಜೈಲು. ಶಾಲೆಯ ಹತ್ತಿರ ಮಾರಿದರೆ ನ್ಯಾಯಾಧೀಶರೂ ಒಂದು ದಿನ ಇಳಿಸುವಂತಿಲ್ಲವಂತೆ. ಆ ಹೊತ್ತಿಗೆ ಶಾಲೆಗೆ ಬೀಗ ಬಿದ್ದಿತ್ತಲ್ಲ ಎಂದೆ. "ಕಾನೂನು ಗಡಿಯಾರ ನೋಡಲ್ಲಮ್ಮ, ಬಣ್ಣಾನೂ ನೋಡಲ್ಲ. ದೂರ ಅಳೆಯುತ್ತೆ, ಅಷ್ಟೇ" ಎಂದರು ವಕೀಲರು.

ಒಡೆಲ್ ಅಣ್ಣನಿಗೆ ಹೇಳಿದರೆ ನಕ್ಕುಬಿಟ್ಟ. "ನಮ್ಮವ್ರಿರೋ ಕೇರೀಲಿ ಸೀನಿದ್ರೂ ಯಾವ್ದಾದ್ರೂ ಶಾಲೆಗೆ ಕೇಳ್ಸತ್ತೆ ತಂಗಿ. ದೂರ ಹೋಗಿ ತಪ್ಪು ಮಾಡೋಕೆ ನಮಗೆಲ್ಲಿ ಜಾಗ?" ನಾನೂ ನಕ್ಕೆ. ಆಮೇಲೆ ಬಚ್ಚಲಿನ ನಲ್ಲಿ ತಿರುಗಿಸಿ ಕೂತೆ, ಮಗು ನೈಮಾಳಿಗೆ ಕೇಳಿಸಬಾರದೆಂದು.

ಪೊಲೀಸರು ಹಿಡಿದೊಯ್ದ ರಾತ್ರಿ ಲಾಕಪ್ಪಿನ ಕೋಣೆಯಲ್ಲಿ ಒಬ್ಬಳನ್ನು ಬಿಟ್ಟರೆ ಎಲ್ಲರೂ ನಮ್ಮ ಕಪ್ಪು ಬಣ್ಣದ ಹೆಂಗಸರೇ. ಜೈಲು ತುಂಬ ನಮ್ಮವರೇ ಎಂಬುದನ್ನು ಕಾಲೇಜಿನಲ್ಲಿ ಓದಿ ಪರೀಕ್ಷೆ ಬರೆದಿದ್ದೆ. ಆಗ ಅದು ಬೇರೆ ಯಾರದೋ ಕಥೆಯಾಗಿತ್ತು.

ನೀನು ಹೆದರಬೇಡ. ವಕೀಲರು ದಿನ ಮುಂದಕ್ಕೆ ಹಾಕಿಸುತ್ತಾರೆ, ಸಂಜೆಗೆ ಬಂದುಬಿಡುತ್ತೇನೆ. ಅಷ್ಟು ಹೊತ್ತು ನೈಮಾಳನ್ನು ನೋಡಿಕೊಂಡರೆ ಸಾಕು. "ಚರ್ಚಿನಲ್ಲಿ ಯಾವ ಮುಖ ತೋರಿಸ್ಲಿ?" ಎಂದು ಫೋನು ಇಟ್ಟೆಯಲ್ಲ. ಕೆಟ್ಟವಳು ನಾನು. ಆ ಕೂಸೇನು ಮಾಡಿತು?

ನಿನ್ನ ಮಗಳು,
ಶನೀಸ್

ತಾ.ಕ.: ಸಂಜೆಗೆ ಬರುತ್ತೇನೆಂದದ್ದು ಸುಳ್ಳು. ಕೋರ್ಟಿನಿಂದಲೇ ಜೈಲಿಗೆ ಒಯ್ಯುತ್ತಾರೆ. ನಿನ್ನೆ ನೈಮಾಳ ತಲೆಗೆ ಎಣ್ಣೆ ಹಚ್ಚಿ ಸಣ್ಣ ಸಣ್ಣ ಜಡೆ ಹೆಣೆದೆ. ಬೇಸಗೆಯಲ್ಲಿ ಅಜ್ಜಿಯ ಊರಿಗೆ ಕಳಿಸುವಾಗ ನೀನು ನನಗೆ ಹೆಣೆಯುತ್ತಿದ್ದೆಯಲ್ಲ, ತಿಂಗಳಾದರೂ ಬಿಚ್ಚದ ಹಾಗೆ. "ನಾವೆಲ್ಲಿಗೆ ಹೋಗ್ತಿದೀವಮ್ಮಾ?" ಎಂದಳು. ನೀನು ಬರದಿದ್ದರೆ ಸರ್ಕಾರದವರು ಅವಳನ್ನು ಯಾರ ಮನೆಗೋ ಕೊಡುತ್ತಾರೆ. ನಮ್ಮ ಆ ಗುಂಗುರು ಕೂದಲು ಬಾಚಲು ಬರುವವರು ಅಲ್ಲಿರುತ್ತಾರೋ ಇಲ್ಲವೋ. ಫೋನು ಕೈಯಲ್ಲೇ ಹಿಡಿದು ಕೂತಿದ್ದೇನೆ. ಬೆಳಗಾಗುವುದರೊಳಗೆ ಮಾಡು ಅಮ್ಮಾ, ಬೈಯುವುದಕ್ಕಾದರೂ ಮಾಡು.