ಗುರುವಾರದ ವಿಚಾರಣೆಗೆ ನಾವು ಹನ್ನೊಂದು ಮಂದಿ ಬರುತ್ತೇವೆ

ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ,

ಇಪ್ಪತ್ತೆರಡು ವರ್ಷಗಳಿಂದ ನಿಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ರಕ್ತ, ಕೀವು, ವಾಂತಿ ಮೆತ್ತಿದ ಹಾಸುಗಳನ್ನು ಬಿಡಿಸಿ ತೊಳೆದವಳು ನಾನು. ಒಂದು ದಿನವೂ ಮೂಗು ಮುಚ್ಚಿಕೊಂಡವಳಲ್ಲ. ಹೇಸಿಗೆ ಎಂದರೆ ಏನೆಂದು ನನಗೆ ತಿಳಿದದ್ದು ಹೋದ ಸೋಮವಾರ, ನನ್ನ ಮೈದುನನಿಗೆ ನೀವು ಕಳಿಸಿದ ನೋಟಿಸು ಓದಿದಾಗ. ನನ್ನ ಬಲಗೈಯ ಎರಡು ಬೆರಳು ಜಜ್ಜಿ ಸುಟ್ಟುಹೋಗಲು ಅವನ ಕರ್ತವ್ಯಲೋಪವೇ ಕಾರಣವಂತೆ. "ಗಾಯಗೊಂಡ ಮಹಿಳಾ ಸಿಬ್ಬಂದಿಗೆ ನ್ಯಾಯ ಒದಗಿಸುವ ಸಲುವಾಗಿ" ಅವನನ್ನು ಕೆಲಸದಿಂದ ತೆಗೆಯುವ ಅಂತಿಮ ವಿಚಾರಣೆಯಂತೆ. ಆ ಮಹಿಳಾ ಸಿಬ್ಬಂದಿ ನಾನೇ ಅಲ್ಲವೇ? ನನ್ನನ್ನು ಯಾರು ಕೇಳಿದರು?

ಕೈಗೆ ಪಟ್ಟಿ ಸುತ್ತಿರುವುದರಿಂದ ನಾನು ಹೇಳುತ್ತಿದ್ದೇನೆ, ನನ್ನ ಸೊಸೆ ಬರೆಯುತ್ತಿದ್ದಾಳೆ. ಅವಳು ಓದಿದವಳು. ನಾನು ಒಂದು ಪದ ಹೇಳಿದರೆ ಅದನ್ನು ತೊಳೆದು ಇಸ್ತ್ರಿ ಮಾಡಿ ಬರೆಯುತ್ತಾಳೆ. ಈ ಪತ್ರದಲ್ಲಿ ಎಲ್ಲಾದರೂ ಮರ್ಯಾದೆ ಕಂಡರೆ ಅದು ಅವಳದು, ನನ್ನದೆಂದು ತಪ್ಪು ತಿಳಿಯಬೇಡಿ.

ನನ್ನ ಮೈದುನನಿಗೆ ನಲವತ್ತಾರು ವರ್ಷ. ಚಿಕ್ಕಂದಿನಿಂದಲೂ ಉಗ್ಗು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವನು "ಅತ್ತಿಗೆ" ಎಂದು ಕರೆದು ಮುಗಿಸುವಷ್ಟರಲ್ಲಿ ನಾನು ಎರಡು ಕೊಡ ನೀರು ತಂದಿಟ್ಟಿರುತ್ತಿದ್ದೆ. ಶಾಲೆಯಲ್ಲಿ ನಕ್ಕರು, ಹೆಣ್ಣು ನೋಡಲು ಹೋದಲ್ಲಿ ನಕ್ಕರು, ಅವನು ಮಾತು ಬಿಟ್ಟು ತಲೆಯಾಡಿಸುವುದನ್ನು ಕಲಿತ. ಹನ್ನೊಂದು ವರ್ಷದ ಹಿಂದೆ ನಾನೇ ಅವನನ್ನು ನಮ್ಮ ವಿಭಾಗಕ್ಕೆ ಸೇರಿಸಿದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ, ನಮ್ಮ ಜೊತೆ ಹಾಡತೊಡಗಿದ. ನಾನು ಕೈಯಲ್ಲಿದ್ದ ಬಟ್ಟೆ ಬಿಟ್ಟು ನೋಡುತ್ತ ನಿಂತೆ. ಒಂದು ಅಕ್ಷರವೂ ತಡವರಿಸಲಿಲ್ಲ. ಒಬ್ಬನೇ ಮಾತಾಡಿದರೆ ಗಂಟಲಿಗೆ ಬೀಗ, ಹತ್ತು ಜನರ ಜೊತೆ ದನಿ ಕೂಡಿಸಿದರೆ ಆ ಬೀಗದ ಸುಳಿವೇ ಇಲ್ಲ.

ನಮ್ಮದು ಹಾಡು ಎನ್ನಲು ಸಂಗೀತ ಬಲ್ಲವರು ಒಪ್ಪಲಾರರು. ಕೋಣೆಯ ನಡುವೆ ಹಾಸುಗಳಿಗೆ ಇಸ್ತ್ರಿ ಹಾಕುವ, ಹತ್ತಡಿ ಉದ್ದದ ಕಾದ ಉರುಳೆ ಇದೆ. (ನೀವು ನೋಡಿಲ್ಲ, ಆದ್ದರಿಂದ ಹೇಳುತ್ತಿದ್ದೇನೆ.) ಒದ್ದೆ ಹಾಸಿನ ಅಂಚನ್ನು ಅದರ ಬಾಯಿಗೆ ಕೊಡಬೇಕು, ಅದು ಕಚ್ಚಿಕೊಳ್ಳುವ ಮೊದಲು ಕೈ ತೆಗೆಯಬೇಕು. ನಾನು ಈಚೆ ಕೊಡುವವಳು, ಮೈದುನ ಆಚೆ ಎಳೆದುಕೊಳ್ಳುವವನು. ಕೈ ತೆಗೆಯುವ ಗಳಿಗೆಯನ್ನು ಹೇಳುತ್ತಿದ್ದುದು ಹಾಡು: "ಅಂಚು ಹಿಡಿ, ಸುಕ್ಕು ಬಿಡಿ, ಬಿಸಿ ಬಂತು, ಕೈಯ ತೆಗಿ!" ಕೊನೆಯ ಪದವನ್ನು ಎಲ್ಲರಿಗಿಂತ ಜೋರಾಗಿ ಎತ್ತುತ್ತಿದ್ದವನು ಅವನು. ಹನ್ನೊಂದು ವರ್ಷದಲ್ಲಿ ಒಬ್ಬರ ಉಗುರಿಗೂ ಬಿಸಿ ತಾಗಲಿಲ್ಲ.

ಇನ್ನೊಂದು ಮಾತು. ಕೆಲವು ಬೆಳಗ್ಗೆ ಮಕ್ಕಳ ವಾರ್ಡಿನಿಂದ ಬಂದ ಮೂಟೆಯಲ್ಲಿ ಅಂಗೈಯಗಲದ ಅಂಗಿ ಇರುತ್ತದೆ, ಅದರ ಮೇಲಿನ ಕಲೆ ನೋಡಿದರೇ ಆ ಮಗು ಇನ್ನಿಲ್ಲ ಎಂದು ನಮಗೆ ಗೊತ್ತಾಗುತ್ತದೆ. ಆಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಒಬ್ಬಳು ಮೆಲ್ಲಗೆ ಶುರು ಮಾಡುತ್ತಾಳೆ, ಮೂರು ಸಾಲು ದಾಟುವುದರೊಳಗೆ ಎಲ್ಲರ ಉಸಿರು ಒಂದಾಗಿರುತ್ತದೆ. ಅಳು ಹೋಗುವುದಿಲ್ಲ, ಆದರೆ ಕೈ ಮತ್ತೆ ಬಟ್ಟೆಗೆ ಹೋಗುತ್ತದೆ. ಅದಿಲ್ಲದಿದ್ದರೆ ನಾನು ಇಪ್ಪತ್ತೆರಡು ವರ್ಷ ಅಲ್ಲ, ಎರಡು ತಿಂಗಳೂ ಅಲ್ಲಿ ನಿಲ್ಲುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ತಪಾಸಣೆಗೆ ಬಂದ ದೊಡ್ಡವರೊಬ್ಬರು ಬಾಗಿಲಲ್ಲಿ ನಿಂತು "ಇದೇನ್ರೀ, ಸಂತೇನಾ?" ಎಂದರು. ಮರುದಿನವೇ ನಿಮ್ಮ ಸುತ್ತೋಲೆ ಬಂತು: ಕೆಲಸದ ವೇಳೆಯಲ್ಲಿ ಸಾಮೂಹಿಕ ಗಾಯನ ಶಿಸ್ತು ಉಲ್ಲಂಘನೆ. ಆಗಲಿ, ಇದು ಬರೀ ಮೂರ್ಖತನ ಎಂದು ನಾನೂ ಸುಮ್ಮನಿದ್ದೆ. ಆದರೆ ಅದೇ ತಿಂಗಳು ನೀವು ಸಭಾಂಗಣದಲ್ಲಿ "ಸಂಗೀತ ಮತ್ತು ಮೆದುಳು" ಎಂಬ ಉಪನ್ಯಾಸ ಇಡಿಸಿದಿರಲ್ಲ! ಕುರ್ಚಿ ಖಾಲಿ ಉಳಿದವೆಂದು ನಮ್ಮನ್ನು ಒದ್ದೆ ಕೈಯಲ್ಲೇ ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿದಿರಿ. ಮೆದುಳಿನ ಡಾಕ್ಟರಮ್ಮ ಚೆನ್ನಾಗಿ ಹೇಳಿದರು. ಸೇರಿ ಹಾಡಿದಾಗ ಉಸಿರು ಒಂದೇ ಲಯಕ್ಕೆ ಬರುತ್ತದೆ, ಎದೆಬಡಿತವೂ ಹತ್ತಿರ ಹತ್ತಿರ ಬರಬಹುದು, ನೋವು ತಾಳುವ ಶಕ್ತಿ ಹೆಚ್ಚುತ್ತದೆ, ಪಕ್ಕದವರ ಮೇಲೆ ನಂಬಿಕೆ ಬೆಳೆಯುತ್ತದೆ ಎಂದರು. ಬರೀ ಕೇಳುವುದಕ್ಕಿಂತ ಬಾಯಿಬಿಟ್ಟು ಹಾಡುವುದು ಹೆಚ್ಚು ಎಂದರು. ಉಗ್ಗುವವರಲ್ಲಿ ಬಹಳ ಮಂದಿ ಇತರರ ಜೊತೆ ಒಟ್ಟಿಗೆ ಹೇಳುವಾಗ ಸರಾಗವಾಗಿ ಹೇಳಬಲ್ಲರು ಎಂದರು. ಮೈದುನ ನನ್ನ ಕಿವಿಯ ಹತ್ತಿರ ಬಾಗಿ, "ಕೇ... ಕೇ... ಕೇಳಿದ್ರಾ ಅತ್ತಿಗೆ, ನಂ... ನಂದೇ ಹೇಳ್ತಾವ್ರೆ" ಎಂದ. ಅವನ ಕಣ್ಣು ತುಂಬಿತ್ತು. ವೇದಿಕೆಯ ಮೇಲೆ ನೀವು ತಲೆದೂಗಿ ಚಪ್ಪಾಳೆ ತಟ್ಟಿದಿರಿ. ನಿಮ್ಮ ಕಿವಿ ಅಲ್ಲಿತ್ತು ಸರಿ, ನೀವು ಎಲ್ಲಿದ್ದಿರಿ?

ಮರುವಾರ ನಮ್ಮ ಚಾವಣಿಗೆ ನಾಲ್ಕು ಸ್ಪೀಕರು ಬಂದವು. ಬೆಳಗ್ಗೆ "ಹುರುಪು", ಊಟದ ನಂತರ "ನೆಮ್ಮದಿ". ಸಂಜೆ ಒಂದು ಚೀಟಿ, ಅದರಲ್ಲಿ ಐದು ಮುಖ, ಅಳುಮುಖದಿಂದ ನಗುಮುಖದವರೆಗೆ. ನಮ್ಮ ಮನಸ್ಸು ಯಾವುದೋ ಅದಕ್ಕೆ ಗುರುತು ಹಾಕಬೇಕು. ನಾನು ಹಳೆಯ ಚಟಕ್ಕೆ ಒಂದು ಸಾಲು ಗುನುಗಿದ್ದಕ್ಕೆ ಮೇಲ್ವಿಚಾರಕ ಓಡಿಬಂದ. "ಬಾಯ್ ಮುಚ್ಕೊಂಡು ಕೇಳಿಸ್ಕೊಳ್ರಮ್ಮ. ಮನಸ್ಸಿಗೆ ಒಳ್ಳೇದಂತೆ." ನಮ್ಮ ಬಾಯಿಂದ ಕಿತ್ತುಕೊಂಡದ್ದನ್ನೇ ನಮ್ಮ ತಲೆಯ ಮೇಲೆ ಸುರಿದು, ಖುಷಿಯಾಯಿತೇ ಎಂದು ಚೀಟಿ ಹಿಡಿದು ಕೇಳಿದಿರಿ. ಥೂ. (ಇದನ್ನು ಸೊಸೆ ಬರೆಯಲೊಲ್ಲೆ ಎಂದಳು. ನಾನು ಬಿಡಲಿಲ್ಲ.)

ಸ್ಪೀಕರು ಬಂದ ಏಳನೆಯ ದಿನ, ಮಧ್ಯಾಹ್ನ. ಹಾಸಿನೊಳಗೆ ರೋಗಿಯ ನಿಲುವಂಗಿಯೊಂದು ಸಿಕ್ಕಿಕೊಂಡಿತ್ತು. ಅದರ ದಾರ ನನ್ನ ಮಣಿಕಟ್ಟಿಗೆ ಸುತ್ತಿಕೊಂಡದ್ದು ನನಗೆ ಕಾಣಲಿಲ್ಲ, ಆಚೆ ನಿಂತ ಅವನಿಗೆ ಕಂಡಿತು. ಬಾಯಿ ತೆರೆದ. "ಅ... ಅ..." ಅಷ್ಟೇ. ಮೇಲೆ ಕೊಳಲು ನೆಮ್ಮದಿ ಊದುತ್ತಿತ್ತು. ಹಾಡಿದ್ದಿದ್ದರೆ ಯಾರೂ ನನಗೆ ಹೇಳಬೇಕಾಗಿರಲಿಲ್ಲ, ನನ್ನ ಕೈ ಆ ಹೊತ್ತಿಗೆ ಮೇಲಿರುತ್ತಿತ್ತು, ದಾರವೂ ಅದರೊಡನೆ ಬಿಡಿಸಿಕೊಂಡು ಬರುತ್ತಿತ್ತು. ಅವನು ಉರುಳೆಯನ್ನು ಸುತ್ತಿ ಓಡಿ ಬಂದು ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಗುದ್ದಿದ. ಹೋದದ್ದು ಎರಡು ಬೆರಳು. ಉಳಿದದ್ದು ಇಡೀ ಕೈ. ಉಳಿಸಿದವನು ಅವನು.

ಮೊದಲ ವಿಚಾರಣೆಯಲ್ಲಿ, ಬಾಗಿಲಾಚೆ ನಿಂತಿದ್ದ ನಮ್ಮವಳೊಬ್ಬಳು ಹೇಳಿದಂತೆ, ನೀವು ಕೇಳಿದಿರಿ, "ಯಾಕ್ರೀ ಕೂಗ್ಲಿಲ್ಲ?" ಅವನ ಕತ್ತಿನ ನರ ಉಬ್ಬಿತು, ಹಣೆ ಬೆವರಿತು, ಕಾಲಿನಿಂದ ನೆಲ ಒದ್ದುಕೊಂಡು ಆ ಒಂದು ಪದಕ್ಕಾಗಿ ಒದ್ದಾಡಿದ. ನೀವು ಗಡಿಯಾರ ನೋಡಿ ಗುಮಾಸ್ತರಿಗೆ ಹೇಳಿದಿರಿ, "ಉತ್ತರ ಇಲ್ಲ ಅಂತ ಬರ್ಕೊಳ್ಳಿ." ಅಂದು ಅವನು ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿದವನು ಎರಡು ದಿನ ತಲೆಯನ್ನೂ ಆಡಿಸಲಿಲ್ಲ. ಈಗ ಗುರುವಾರ ಹನ್ನೊಂದಕ್ಕೆ ಅಂತಿಮ ವಿಚಾರಣೆ. "ಖುದ್ದಾಗಿ, ಒಬ್ಬರೇ, ಮೌಖಿಕವಾಗಿ." ಲಿಖಿತ ಹೇಳಿಕೆ ಒಪ್ಪುವುದಿಲ್ಲ. ಉತ್ತರಿಸದಿದ್ದರೆ ತಪ್ಪು ಒಪ್ಪಿದಂತೆ. ಉಗ್ಗುವವನಿಗೆ ಇಷ್ಟು ಅಳತೆ ನೋಡಿ ಹೊಲಿದ ನಿಯಮ ಬೇರೆ ಯಾವ ಕಚೇರಿಯಲ್ಲಿ ಸಿಕ್ಕೀತು?

ನನ್ನ ಬೇಡಿಕೆ ಒಂದೇ. ಗುರುವಾರ ಅವನ ಜೊತೆ ನಮ್ಮ ವಿಭಾಗದ ನಾವು ಹನ್ನೊಂದು ಮಂದಿ ಬರುತ್ತೇವೆ, ಒಳಗೆ ಬಿಡಿ. ಅವನು ತನ್ನ ಹೇಳಿಕೆಯನ್ನು ಏಳು ವಾಕ್ಯಗಳಲ್ಲಿ ಬರೆದುಕೊಂಡಿದ್ದಾನೆ. ನಮ್ಮ ಮನೆಯ ಅಡುಗೆಕೋಣೆಯಲ್ಲಿ ನಿಂತು ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಅವನೊಡನೆ ಒಂದೇ ದನಿಯಲ್ಲಿ ಹೇಳುತ್ತೇವೆ. ಆರು ವಾಕ್ಯ ನೀರು ಹರಿದ ಹಾಗೆ ಬರುತ್ತವೆ.

ಏಳನೆಯದು ಬರುವುದಿಲ್ಲ. "ಅತ್ತಿಗೆಯ ಬೆರಳು ಹೋದದ್ದು ನನ್ನ ತಪ್ಪಿನಿಂದ" ಎಂದು ಬರೆದಿದ್ದಾನೆ. ಹೊಡೆದುಹಾಕೋ ಎಂದರೆ ಕೇಳುವುದಿಲ್ಲ. ಅಭ್ಯಾಸದಲ್ಲಿ ಆ ವಾಕ್ಯ ಬಂದಾಗ, ಮೊದಲೇ ಮಾತಾಡಿಕೊಳ್ಳದಿದ್ದರೂ, ಹನ್ನೊಂದು ಬಾಯಿ ಒಟ್ಟಿಗೆ ಮುಚ್ಚಿದವು. ಅವನು ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡ. ಗುರುವಾರವೂ ಅಲ್ಲೇ ಸಿಕ್ಕಿಕೊಳ್ಳುತ್ತಾನೆ, ನಾವು ದನಿ ಕೊಡುವುದಿಲ್ಲ. "ತಪ್ಪು ನನ್ನದು" ಎಂಬ ಆ ವಾಕ್ಯವನ್ನು ಹೇಳಬೇಕಾದವರು ಮೇಜಿನ ಆಚೆ ಕುಳಿತಿರುತ್ತೀರಿ. ನಿಮಗೆ ಉಗ್ಗಿಲ್ಲವಲ್ಲ, ಹೇಳಿ.

ಇಂತಿ,
ಯಾರ ಮೇಲೂ ದೂರು ಕೊಡದ ಎರಡು ಬೆರಳುಗಳ ಒಡತಿ,
ಬಟ್ಟೆ ಒಗೆಯುವ ವಿಭಾಗ, ನೆಲಮಾಳಿಗೆ