ನಾನು ನೋಡಿದ ನಾಲ್ವರು ಪೊಲೀಸರು

ದೇವರಮನೆ
೧೯-೬-೨೦೨೪

ಪ್ರೀತಿಯ ಗಗನಾ,

ಫೋನ್ ಎತ್ತುವುದಿಲ್ಲವೆಂದು ಹಟ ಹಿಡಿದಿದ್ದೀಯ, ಇರಲಿ. ಹಾಸನದ ಹಾಸ್ಟೆಲಿಗೆ ಅಪ್ಪನ ಪತ್ರ ಬಂದರೂ ಓದದೆ ಇರುತ್ತೀಯಾ ನೋಡೋಣ.

ಕಾನ್‌ಸ್ಟೇಬಲ್ ಕೆಲಸಕ್ಕೆ ಆಯ್ಕೆಯಾದೆ, ಇನ್ನು ನಮ್ಮೂರ ಠಾಣೆಯಿಂದ ನಡತೆಯ ವರದಿಯೊಂದು ಹೋದರೆ ಸಾಕು ಎಂದು ನೀನು ಕುಣಿದಾಗ, ದೇಶದ ಪೊಲೀಸರೆಲ್ಲ ಒಂದೇ, ಆ ಸಹವಾಸ ಬೇಡ ಎಂದೆ ನಾನು. "ನೀವು ಎಷ್ಟ್ ಜನ ಪೊಲೀಸ್ರನ್ನ ನೋಡಿದೀರಪ್ಪ?" ಅಂತ ಕೇಳಿ ನೀನು ಫೋನ್ ಇಟ್ಟೆ. ಮೈ ಉರಿದುಹೋಯಿತು ಮಾರಾಯ್ತಿ! ಕೂತು ಎಣಿಸಿದೆ. ನಾಲ್ಕೇ ಜನ. ಹೆಲ್ಮೆಟ್ಟಿಗೆಂದು ಅಡ್ಡ ಹಾಕಿದವನೊಬ್ಬ, ಆನೆ ಬಂದಾಗ ರಸ್ತೆ ತಡೆದ ಇಬ್ಬರು, ಮತ್ತೆ ನಮ್ಮೂರ ಠಾಣೆಯ ಈ ಉಮೇಶ್.

ಚುನಾವಣೆ ಮುಗಿಯುವ ತನಕವೆಂದು ಠಾಣೆಗೆ ಒಪ್ಪಿಸಿದ್ದ ನಮ್ಮ ಕೋವಿಯನ್ನು ಮೂರು ಸಲ ಹೋದರೂ ಅವನು ಕೊಡಲಿಲ್ಲ. "ಲೈಸೆನ್ಸ್ ಬುಕ್ ತನ್ನಿ ಗೌಡ್ರೇ" ಅಂತ ಒಂದೇ ರಾಗ. ಕೈ ಬಿಸಿ ಮಾಡಿಸಿಕೊಳ್ಳಲು ನೆಪ ಅಂದುಕೊಂಡೆ. ನಿನ್ನೆ ಬುಕ್ಕನ್ನು ಮೇಜಿನ ಮೇಲೆ ಬಿಸಾಡಿ, ಜೊತೆಗೆ ಒಂದು ಕೆಜಿ ಕಾಳುಮೆಣಸನ್ನೂ ಇಟ್ಟು, ಎಲ್ಲರೆದುರು ಕೂಗಾಡಿದೆ. ಅವನು ಮೆಣಸನ್ನು ನನ್ನ ಕೈಗೇ ವಾಪಸಿಟ್ಟು, ಹೊರಗೆ ಕರೆದೊಯ್ದು ಬುಕ್ ಬಿಡಿಸಿ ತೋರಿಸಿದ. ಲೈಸೆನ್ಸ್ ಮೇ ತಿಂಗಳಿಗೇ ಮುಗಿದಿದೆ! ಕೋವಿ ಮನೆಯಲ್ಲಿದ್ದರೆ ಕೇಸು ನಿಮ್ಮ ಮೇಲೇ ಬೀಳುತ್ತೆ, ಮೊದಲು ನವೀಕರಣ ಮಾಡಿಸಿ ಎಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹಾಗಂತ ಅವನಿಗೆ ಹಾರ ಹಾಕುತ್ತೇನೆ ಅಂದುಕೊಳ್ಳಬೇಡ. ಮೊನ್ನೆ ಯಾರದೋ ತೋಟದಲ್ಲಿ ಕಳುವಾಯಿತೆಂದು ನಮ್ಮ ತೋಟದ ಕೂಲಿ ಲೈನಿನ ಬೊಮ್ಮಯ್ಯನನ್ನು ಎಳೆದೊಯ್ದು, ಏನೂ ಸಿಗದೆ, ಕೆನ್ನೆಗೆ ಬಾರಿಸಿ ಕಳಿಸಿದ್ದೂ ಅದೇ ಠಾಣೆ. ಉಮೇಶ್ ಪಕ್ಕದಲ್ಲೇ ನಿಂತಿದ್ದನಂತೆ, ತುಟಿ ಎರಡು ಮಾಡಲಿಲ್ಲವಂತೆ. ನನಗಾದರೆ "ಗೌಡ್ರೇ", ಬೊಮ್ಮಯ್ಯನಿಗೆ ಏಟು! ಈ ಉಮೇಶ್ ಒಳ್ಳೆಯವನೋ ಕೆಟ್ಟವನೋ ನೀನೇ ಹೇಳು. ರಾತ್ರಿಯೆಲ್ಲ ತಲೆ ಕೆಡಿಸಿಕೊಂಡರೂ ನನಗೆ ಗೊತ್ತಾಗಲಿಲ್ಲ. ಇವನೊಬ್ಬನ ವಿಷಯವೇ ಬಗೆಹರಿಯದಿರುವಾಗ ದೇಶದ ಪೊಲೀಸರ ಬಗ್ಗೆ ತೀರ್ಪು ಕೊಟ್ಟೆನಲ್ಲ, ಅದಕ್ಕೇ ಸಿಟ್ಟು ಬರುತ್ತಿದೆ. ಸಿಟ್ಟು ನಿನ್ನ ಮೇಲಲ್ಲ.

ಊಟ ಸರಿಯಾಗಿ ಮಾಡು.

ನಿನ್ನ ಸಿಡುಕ ಅಪ್ಪ,
ಬೆಳ್ಳಿಯಪ್ಪ

ವಿ.ಸೂ.: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಹೋದ ವಾರ ನಿನ್ನ ನಡತೆ ವಿಚಾರಿಸಲು ಮನೆಗೆ ಬಂದವನೂ ಉಮೇಶೇ. ಕೋವಿಯ ಸಿಟ್ಟಿನಲ್ಲಿ, ನನ್ನ ಮಗಳಿಗೆ ಆ ಕೆಲಸ ಬೇಡವಂತೆ, ಹಾಗೇ ಬರಕೊಂಡು ಹೋಗು ಎಂದು ಕಳಿಸಿಬಿಟ್ಟೆ. ನಿನ್ನೆ ಕೇಳಿದರೆ ಅವನಿನ್ನೂ ಬರೆದಿಲ್ಲ. "ಬೇಡ ಅನ್ನೋದಾದ್ರೆ ನಿಮ್ಮ ಮಗಳೇ ಬಂದು ಹೇಳ್ಲಿ ಗೌಡ್ರೇ, ತಿಂಗಳ ಕೊನೇತನಕ ಕಾಯ್ತೀನಿ" ಎಂದ. ಬೇಗ ಹೊರಟು ಬಾ ಮಗಳೇ. ಠಾಣೆಗೆ ನಾನೂ ಬರುತ್ತೇನೆ, ಹೊರಗೇ ನಿಂತಿರುತ್ತೇನೆ.