ಸಾಕ್ಷಿಯ ಹೊಲದ ಸೊಪ್ಪು ಕಟ್ಟುವವರು ಯಾರು?

ಶಿಕ್ಷೆಗಳನ್ನು ಬಿಗಿಗೊಳಿಸುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕೊಲೆ, ಕೊಲೆಯತ್ನಗಳಿಗೆ ಈಗಿರುವ ಶಿಕ್ಷೆ ಸಾಕೇ, ಇನ್ನೂ ಕಠಿಣವಾಗಬೇಕೇ ಎಂದು ತಾವು ಸಾರ್ವಜನಿಕರ ಅಭಿಪ್ರಾಯ ಕೇಳಿದ್ದೀರಿ. ನಮ್ಮೂರಿನಲ್ಲಿ ಒಂದು ಕೊಲೆಯಾಗಿದೆ. ಈಗಿರುವ ಶಿಕ್ಷೆಯೇ ಇನ್ನೂ ಯಾರನ್ನೂ ತಲುಪಿಲ್ಲ, ತಲುಪುವ ಲಕ್ಷಣವೂ ಕಾಣುತ್ತಿಲ್ಲ. ಬಡಿಸದ ಊಟಕ್ಕೆ ಉಪ್ಪು ಸಾಕೇ ಎಂದು ಕೇಳಿದರೆ ಏನು ಹೇಳುವುದು? ಆದರೂ ಕೇಳಿದ್ದೀರಿ, ಬರೆಯುತ್ತಿದ್ದೇನೆ. ನಾನು ಆ ಸಂಜೆ ಊರಲ್ಲಿರಲಿಲ್ಲ. ಕಾನೂನಿನ ಲೆಕ್ಕದಲ್ಲಿ ನಾನು ಯಾರೂ ಅಲ್ಲ. ಸಾಕ್ಷಿಯ ಪಕ್ಕದ ಮನೆಯವನು, ಅಷ್ಟೆ.

ಊರು ಹಾರನಹಳ್ಳಿ ಹೋಬಳಿಯದು. ಹೆಸರುಗಳನ್ನು ಬದಲಿಸಿದ್ದೇನೆ. ಇದರಿಂದ ಮರೆಯಾಗುವುದು ದೂರದವರಿಗೆ ಮಾತ್ರ. ಊರಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಮಾದೇಶ ಎಂಬವನು ಸೌದೆ ತುಂಬಿದ ಟ್ರ್ಯಾಕ್ಟರನ್ನು ಯತೀಶನ ಹೊಲದ ಅಂಚಿನಲ್ಲಿ ಹಾಯಿಸಿದ. ಮಾತಿಗೆ ಮಾತು ಬೆಳೆದು ಯತೀಶ ಮಚ್ಚು ಎತ್ತಿಕೊಂಡ. ಇದೇ ಯತೀಶ ಹಿಂದೊಮ್ಮೆ ಇನ್ನೊಬ್ಬನ ಭುಜಕ್ಕೆ ಮಚ್ಚು ಬೀಸಿದ್ದ. ಸಾಕ್ಷಿ ಹೇಳುವವರಿಲ್ಲದೆ ಆ ಕೇಸು ಬಿದ್ದುಹೋಗಿತ್ತು. ಪೊಲೀಸರಿಗೆ ಹೇಳುತ್ತೇನೆ ಎಂದ ಮಾದೇಶನಿಗೆ, ಕಡಿಯುವ ಮುನ್ನ ಅವನು ಕೊಟ್ಟ ಉತ್ತರ ಹೀಗಿತ್ತು: “ಓಗ್ಲಾ, ಏಳೋಗು. ಓದ್ ಸಲ ಏನ್ ಕಿತ್ಕೊಂಡ್ರು?”

ಕಠಿಣ ಶಿಕ್ಷೆಯಿಂದ ಅಪರಾಧ ಕಡಿಮೆಯಾಗುತ್ತದೆಯೇ ಎಂಬ ತಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನಲ್ಲಿಲ್ಲ. ಜೀವಾವಧಿಯೋ ಗಲ್ಲೋ ಎಂದು ಯತೀಶ ಯೋಚಿಸಲಿಲ್ಲ. ಅವನು ಹೋದ ಸಲವನ್ನು ನೆನೆದ.

ನೋಡಿದವರು ಮೂವರು. ಸಿದ್ದಯ್ಯ ಕೋರ್ಟಿನಲ್ಲಿ, ತಾನು ಆಗ ಬೆನ್ನು ಮಾಡಿ ನಿಂತಿದ್ದೆ ಎಂದ. ಕುಮಾರನೂ ಬೆನ್ನು ಮಾಡಿ ನಿಂತಿದ್ದನಂತೆ. ಇಡೀ ಊರು ಬೆನ್ನು ಮಾಡಿ ನಿಂತಿದ್ದ ಹೊತ್ತಿನಲ್ಲಿ ಮಾದೇಶ ತಾನಾಗಿಯೇ ಕಡಿದುಕೊಂಡು ಸತ್ತಿರಬೇಕು. ಉಳಿದಿರುವವರು ಹುಚ್ಚಯ್ಯ ಒಬ್ಬರೇ. ಅವರು ಹೊಗೆಸೊಪ್ಪು ಒಣಗಿಸುವ ತಮ್ಮ ಬ್ಯಾರನ್ನಿನ ಒಲೆಗೆ ಸೌದೆ ತಳ್ಳುತ್ತಿದ್ದರು. ಮುಖ ದಾರಿಯ ಕಡೆಗಿತ್ತು.

ಬೆದರಿಕೆಯೇನಾದರೂ ಇದೆಯೇ ಎಂದು ಪೊಲೀಸರು ಕೇಳಿದಾಗ ಹುಚ್ಚಯ್ಯ ಇಲ್ಲವೆಂದರು. ಅದು ನಿಜ. ಇರುವುದು ಬೇರೆ, ಅದನ್ನು ತಮಗೆ ಸ್ವಲ್ಪ ವಿವರಿಸಬೇಕು. ಹಣ್ಣಾದ ಸೊಪ್ಪು ಗಿಡದಲ್ಲಿ ಕಾಯುವುದಿಲ್ಲ. ಬೆಳಿಗ್ಗೆ ಮುರಿದದ್ದನ್ನು ಅದೇ ದಿನ ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ, ಬೆಂಕಿ ಹಾಕಬೇಕು. ಮನೆಮಂದಿಯಿಂದಷ್ಟೇ ಆಗುವ ಕೆಲಸವಲ್ಲ. ಎಲ್ಲರ ಹೊಲವೂ ಒಂದೇ ವಾರ ಹದಕ್ಕೆ ಬರುವುದರಿಂದ ಕೂಲಿಗೂ ಜನ ಸಿಗುವುದಿಲ್ಲ. ಅದಕ್ಕೇ ಮುಯ್ಯಾಳು: ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ನಮ್ಮ ಕೇರಿಯಲ್ಲಿ ಸೊಪ್ಪು ಕಟ್ಟುವ ಹೆಂಗಸರನ್ನು ಕೂಡಿಸಿಕೊಂಡು ಬರುವವರು ಸುನಂದಮ್ಮ. ಸುನಂದಮ್ಮ ಯತೀಶನ ತಾಯಿ.

ಈ ವಾರ ಹುಚ್ಚಯ್ಯನ ಜಗುಲಿಯಲ್ಲಿ ಸೊಪ್ಪು ಕಟ್ಟುತ್ತಾ ಆಕೆ ಕೇಳಿದರು. “ಬರೋ ಸೋಮಾರ ನಿಂಗೆ ಕೋರ್ಟಂತಲ್ಲಣ್ಣ? ಓಗ್ಬಾ. ಆದ್ರೆ ಅವತ್ತು ನಮ್ ಎಣ್ಮಕ್ಳಿಗೆ ಬ್ಯಾರೆ ಕಡೆ ಕೆಲ್ಸ ಐತೆ ಕಣಣ್ಣ.”

“ಯಾವ್ ಕಡೆನವ್ವಾ?”

“ಕೆಲ್ಸ ಇಲ್ದಿರೋ ಕಡೆ.”

ಹೆಂಗಸರು ನಕ್ಕರು. ಹುಚ್ಚಯ್ಯನೂ ನಕ್ಕರು. ಸುನಂದಮ್ಮ ತಲೆಯೆತ್ತಲಿಲ್ಲ, ಕೈ ಸೊಪ್ಪು ಕಟ್ಟುತ್ತಲೇ ಇತ್ತು. ಮಗನನ್ನು ಉಳಿಸಿಕೊಳ್ಳಲು ತಾಯಿಯೊಬ್ಬಳು ಮಾಡಬಹುದಾದ ಅತಿ ಸೌಮ್ಯವಾದ ಕೆಲಸವಿದು. ತಮ್ಮ ಹೊಸ ಕಾನೂನಿನ ಯಾವ ಕಲಮಿನಲ್ಲಿ ಇದರ ಮೇಲೆ ದೂರು ಕೊಡೋಣ?

ಹುಚ್ಚಯ್ಯ ಈ ಮೊದಲು ಕೋರ್ಟಿಗೆ ಹೋಗಿಲ್ಲವೆಂದಲ್ಲ. ಒಮ್ಮೆ ಸರ್ಕಾರಿ ವಕೀಲರು ರಜೆ, ಒಮ್ಮೆ ತನಿಖಾಧಿಕಾರಿ ಬಂದೋಬಸ್ತಿಗೆ, ಒಮ್ಮೆ ನ್ಯಾಯಾಧೀಶರಿಗೆ ವರ್ಗ. “ಕಡ್ದೋನ್ಗಿಂತ ನಾನೇ ಜಾಸ್ತಿ ಅಲೆದ್ನಲ್ಲಪ್ಪ,” ಎನ್ನುತ್ತಾರೆ. ಹೋದ ಸಲ ಹಾಗೆ ಮುಂದೂಡಿದ ಸಂಜೆ ಬಸ್ಸು ತಪ್ಪಿತು. ಜಾಮೀನಿನ ಮೇಲಿರುವ ಆರೋಪಿ ಬೈಕಿನಲ್ಲಿ ಬಂದು ಪಕ್ಕದಲ್ಲಿ ನಿಲ್ಲಿಸಿ, “ಕೂತ್ಕೊಳಣ್ಣ, ಊರ್ಗೇ ಓಯ್ತಿರೋದು,” ಎಂದ. ಹುಚ್ಚಯ್ಯ ಕೂತರು. ಬೇರೆ ದಾರಿ ಏನಿತ್ತು? ಕಂಪಲಾಪುರದಲ್ಲಿ ಅವನು ಟೀ ಕೊಡಿಸಿ, ಈ ಸಲ ನಿಮ್ಮ ಸೊಪ್ಪು ಹೇಗಿದೆ ಎಂದು ವಿಚಾರಿಸಿದ. ಕೇಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಮ್ಮ ವ್ಯವಸ್ಥೆ ತನ್ನ ಸಾಕ್ಷಿಯನ್ನು ಮನೆ ಮುಟ್ಟಿಸಿದ್ದು ಹೀಗೆ.

ಈಗ ತಮ್ಮ ಗಲ್ಲಿನ ವಿಚಾರಕ್ಕೆ ಬರುತ್ತೇನೆ. ಪತ್ರಿಕೆಯಲ್ಲಿ ತಮ್ಮ ಸಮಿತಿಯ ಸುದ್ದಿ ಬಂದ ದಿನ ಹುಚ್ಚಯ್ಯ ಅದನ್ನು ನನ್ನಿಂದ ಓದಿಸಿ ಕೇಳಿದರು. ಆಮೇಲೆ ಅಂದರು: “ಜೈಲು ಅಂದ್ರೆ ಏಳ್ಬುಡ್ತೀನಿ ಕಣಪ್ಪ. ತೆಪ್ಪು ಮಾಡವ್ನೆ, ಓಗ್ಲಿ. ಇವ್ರು ನೇಣು ನೇಣು ಅಂತಾವ್ರಲ್ಲ, ಆ ವಮ್ಮ ನಮ್ ಜಗುಲೀಲಿ ಕುಂತು ಸೊಪ್ಪು ಕಟ್ಟವ್ಳೆ. ಅವಳ ಮಗನ ಕುತ್ಗೆಗೆ ನಾನೇ ಅಗ್ಗ ಆಕ್ದಂಗಾಗಕ್ಕಿಲ್ವ?”

ತಾವು ಹೆದರಿಸಲು ಹೊರಟಿದ್ದು ಯತೀಶನನ್ನು. ಹೆದರಿದ್ದು ಹುಚ್ಚಯ್ಯ. ಶಿಕ್ಷೆಯ ಭಾರವನ್ನು ಯಾರೋ ಒಬ್ಬರು ಬಾಯಲ್ಲಿ ಹೊತ್ತು ಕಟಕಟೆಯವರೆಗೆ ನಡೆಯಬೇಕು. ಅದನ್ನು ಹೆಚ್ಚಿಸಿದಷ್ಟೂ ಹೊರುವವರು ಕಡಿಮೆಯಾಗುತ್ತಾರೆ ಎಂಬುದು ಸಮಿತಿಗೆ ಹೊಳೆದಿರಲಾರದು. ನನಗೂ ಹೊಳೆದಿರಲಿಲ್ಲ.

ಮಾದೇಶನ ಹೆಂಡತಿ ಭಾಗ್ಯಮ್ಮ ಮೊನ್ನೆ ಹುಚ್ಚಯ್ಯನ ಬ್ಯಾರನ್ನಿನ ಮುಂದೆ ಬಂದು ಕೂತರು. ಕೇಸು ಶುರುವಾದಾಗಿನಿಂದ ಅವರ ಹೊಲಕ್ಕೆ ಮುಯ್ಯಾಳು ಬರುವುದು ನಿಂತಿದೆ. ಈಗ ಬರೀ ರಾಗಿ ಬೆಳೆಯುತ್ತಾರೆ.

“ಬತ್ತೀಯಲ್ವ ಮಾವ?”

“ಸೊಪ್ಪು ಅಣ್ಣಾಗೈತೆ ಕಣವ್ವ.”

“ಅವ್ನ ನೇಣಿಗಾಕಿ ಅಂತ ನಾ ಎಲ್ಲೂ ಕೇಳಿಲ್ಲ. ಮಾಡ್ದೋನು ಇವ್ನೇ ಅಂತ ಒಬ್ರು ಬಾಯ್ಬುಟ್ಟು ಏಳ್ಲಿ. ಅಷ್ಟೇಯ. ನಮ್ಮೆಜಮಾನ್ರು ಸುಮ್ ಸುಮ್ನೆ ಸತ್ತೋದ್ರು ಅಂತ ಆಗ್ಬಾರ್ದು ಮಾವ.”

ಹುಚ್ಚಯ್ಯ ಒಲೆಗೆ ಇನ್ನೊಂದು ಸೌದೆ ತಳ್ಳಿದರು. ಇದನ್ನೆಲ್ಲ ಬರೆಯಲೇ ಎಂದು ನಾನು ಆಮೇಲೆ ಕೇಳಿದೆ. “ಬರಿ. ಊರ್ಗೆಲ್ಲ ಗೊತ್ತು, ಅವ್ರಿಗೂ ಗೊತ್ತಾಗ್ಲಿ,” ಎಂದರು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಗಲ್ಲನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಬರುವ ಸೋಮವಾರ ಸರ್ಕಾರಿ ವಕೀಲರೂ ತನಿಖಾಧಿಕಾರಿಯೂ ಕೋರ್ಟಿನಲ್ಲಿರುವಂತೆ ನೋಡಿಕೊಳ್ಳಿ; ಹುಚ್ಚಯ್ಯನ ಮಾತು ಅವತ್ತೇ ಮುಗಿಯಲಿ. ಹೋಗಿ ಬರಲು ಆರೋಪಿಯ ಬೈಕಲ್ಲದೆ ಬೇರೆ ವಾಹನ ಕೊಡಿ. ಮತ್ತು ಬೆಳಗಾಗುವಷ್ಟರಲ್ಲಿ ಅವರ ಹೊಲಕ್ಕೆ ಸೊಪ್ಪು ಮುರಿದು ಕಟ್ಟುವ ಜನರನ್ನು ಕಳಿಸಿ. ಗೃಹರಕ್ಷಕರಾದರೂ ಸರಿ, ಸಮಿತಿಯ ಸದಸ್ಯರಾದರೂ ಸರಿ. ಭಾಗ್ಯಮ್ಮ ಬರುತ್ತಾರೆ, ನಾನೂ ಇರುತ್ತೇನೆ. ಉಳಿದ ಸುಗ್ಗಿಯನ್ನು ನಾವು ಹೇಗೋ ದಾಟಿಸುತ್ತೇವೆ. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ. ಸೊಪ್ಪಿನ ಅಂಟು ಕೈಗೆ ಹತ್ತಿದರೆ ಸೋಪಿಗೆ ಬಿಡುವುದಿಲ್ಲ.

ಯಾರೂ ಬರದಿದ್ದರೆ ಹುಚ್ಚಯ್ಯ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವಾಗಲಿಲ್ಲ. ಅವರೂ ಆ ಸಂಜೆ ಬೆನ್ನು ಮಾಡಿ ನಿಂತಿದ್ದರು ಎಂದು ಮಂಗಳವಾರದ ಪತ್ರಿಕೆಯಲ್ಲಿ ತಾವು ಓದಬಹುದು. ಆಗ ದಯವಿಟ್ಟು ಆಶ್ಚರ್ಯಪಡಬೇಡಿ.

ಇಂತಿ,
ಸೋಮವಾರದ ಹೊತ್ತಿಗಾದರೂ ಕೈ ಪಳಗಲೆಂದು
ಜಗುಲಿಯಲ್ಲಿ ಕೂತು ಸೊಪ್ಪು ಕಟ್ಟಲು ಕಲಿಯುತ್ತಿರುವ
ಹುಚ್ಚಯ್ಯನ ಪಕ್ಕದ ಮನೆಯವನು